ಎರಡು ಗೂಟಗಳ ನಡುವಣ ಬಂದೂಕು

ಸೇಡಂ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯ ಪಡಸಾಲೆಯಲ್ಲಿ, ಪೂರ್ವದ ಗೋಡೆಯ ಮೇಲೆ, ಆಳೆತ್ತರಕ್ಕಿಂತ ಒಂದು ಗೇಣು ಮೇಲಾಗಿ, ತುದಿ ಮೇಲಕ್ಕೆ ಬಾಗಿದ ಎರಡು ತೇಗದ ಗೂಟಗಳಿವೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಮೂರೂವರೆ ಅಡಿಯ ಅಂತರ. ಬಲಗಡೆಯ ಗೂಟದ ಕೆಳಗೆ ಹೆಬ್ಬೆರಳ ಗಾತ್ರದ ಮೂರನೆಯದೊಂದು ಚಿಕ್ಕ ಗೂಟವುಂಟು. ಅದಕ್ಕೆ ಮನೆಯಲ್ಲಿ ಬತ್ತಿಗೂಟವೆಂದು ಹೆಸರು, ಏಕೆಂದರೆ ನನ್ನ ಅಜ್ಜಿ ದೇವರ ದೀಪಕ್ಕೆ ಹೊಸೆದ ಹತ್ತಿಯ ಬತ್ತಿಗಳ ಕಟ್ಟನ್ನು ಅಲ್ಲಿಯೇ ತೂಗುಹಾಕುತ್ತಿದ್ದಳು. ದೊಡ್ಡ ಗೂಟಗಳೆರಡರ ಮೇಲೆ ಏನೂ ಇರಲಿಲ್ಲ. ವರ್ಷವರ್ಷವೂ ದಸರೆಗೆ ಮೊದಲು ಸುಣ್ಣ ಬಳಿಯಲು ಬಂದವರು ಅವುಗಳನ್ನು ಕೀಳದೆ, ಸುತ್ತಲೂ ಬಳಿದು ಹೋಗುತ್ತಿದ್ದರು. ಬರಿದಾದ ಆ ಜಾಗವನ್ನು ಯಾರೂ ಬೇರೆಯ ಕೆಲಸಕ್ಕೆ ಬಳಸಿಕೊಳ್ಳುತ್ತಿರಲಿಲ್ಲ.

ಅಲ್ಲಿ ನನ್ನ ಅಜ್ಜನ ಬಂದೂಕು ಇದ್ದಿತು. 1948ರ ಸೆಪ್ಟೆಂಬರಿನಲ್ಲಿ, ಪೊಲೀಸ್ ಕಾರ್ಯಾಚರಣೆ ಮುಗಿದು ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ಸೇರಿದ ಮೇಲೆ, ಊರಿನಲ್ಲಿದ್ದ ಆಯುಧಗಳನ್ನೆಲ್ಲ ತಂದೊಪ್ಪಿಸಬೇಕೆಂದು ಡಂಗುರ ಸಾರಿದಾಗ, ಅಜ್ಜನು ಅದನ್ನು ಹೆಗಲ ಮೇಲೆ ಹೊತ್ತು ಚಾವಡಿಗೆ ಹೋಗಿ, ಬರಿಗೈಯಲ್ಲಿ ಹಿಂದಿರುಗಿ, ಆ ದಿನ ಊಟ ಮಾಡಲಿಲ್ಲವೆಂದು ಅಜ್ಜಿ ಹೇಳುತ್ತಿದ್ದಳು. ಅದು ಎಂತಹ ಬಂದೂಕು ಎಂದು ನಾನು ಕೇಳಿದಾಗಲೆಲ್ಲ ಅವಳಿಂದ ದೊರೆಯುತ್ತಿದ್ದ ಉತ್ತರ ಒಂದೇ: “ಹಗ್ಗಕ್ಕ ಬೆಂಕಿ ಹಚ್ಚಿ ಬಾರ ಹಾರಸ್ತಿದ್ರು ತಮ್ಮಾ ನಿಮ್ಮಜ್ಜ.” ಬಂದೂಕಿಗೂ ಹಗ್ಗಕ್ಕೂ ಏನು ಸಂಬಂಧವೆಂಬುದು ಬಾಲಕನಾದ ನನಗೆ ತಿಳಿಯಲಿಲ್ಲ. ವಯಸ್ಸಾದ ಅಜ್ಜಿ ಬಾವಿಯ ಹಗ್ಗವನ್ನೂ ಬಂದೂಕನ್ನೂ ಕಲಸಿ ಹೇಳುತ್ತಿರುವಳೆಂದು ನನ್ನ ತಂದೆಯವರೇ ಭಾವಿಸಿದ್ದರು. ಆ ಮಾತಿನ ಅರ್ಥವು ನನಗೆ ಹೊಳೆದುದು ಐವತ್ತು ವರ್ಷಗಳ ತರುವಾಯ, ಒಂದು ಅಗ್ಗದ ನಕಲಿ ಬಂದೂಕಿನ ಮೂಲಕ.

ಸೇಡಂನಿಂದ ಹೈದರಾಬಾದಿಗೆ ಹೋಗುವುದು ನಮ್ಮ ಭಾಗದವರಿಗೆ ಪರವೂರಿಗೆ ಹೋಗುವುದಲ್ಲ. ವಾಡಿಯಿಂದ ಹೊರಟು ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರುಗಳ ಮೇಲೆ ಸಿಕಂದರಾಬಾದಿಗೆ ಹೋಗುವ ರೈಲುಮಾರ್ಗವು ನಿಜಾಮ ಸರಕಾರದ ಹಣದಿಂದ ನಿರ್ಮಾಣವಾಗಿ 1874ರಲ್ಲಿ ತೆರೆದ ದಿನದಿಂದಲೂ ನಮ್ಮವರ ವ್ಯಾಪಾರ, ಓದು, ಆಸ್ಪತ್ರೆ, ನ್ಯಾಯಾಲಯಗಳೆಲ್ಲ ಆ ಹಳಿಗಳ ಮೇಲೆಯೇ ನಡೆದಿವೆ. ಹೀಗೆ ಒಮ್ಮೆ ಹೋದಾಗ, ಪುರಾನಾ ಪೂಲಿನ ಸಮೀಪ ಪ್ರತಿ ಗುರುವಾರ ನೆರೆಯುವ ಜುಮ್ಮೇರಾತ್ ಬಜಾರಿನಲ್ಲಿ, ಹಳೆಯ ಗಡಿಯಾರ, ಮುರಿದ ಹಾರ್ಮೋನಿಯಂ, ತುಕ್ಕು ಹಿಡಿದ ಬೀಗಗಳ ನಡುವೆ ಹಿತ್ತಾಳೆಯ ಪಟ್ಟಿಗಳಿಂದ ಹೊಳೆಯುತ್ತಿದ್ದ ಒಂದು ಬಂದೂಕು ನನ್ನ ಕಣ್ಣಿಗೆ ಬಿದ್ದಿತು. ಅಂಗಡಿಯವನು ಅದು ಗದರಿನ, ಅಂದರೆ 1857ರ ದಂಗೆಯ, ಕಾಲದ ಅಸಲು ಮಾಲೆಂದು ಆಣೆಯಿಟ್ಟು, ಆ ವರ್ಷದ ಒಂದು ಕ್ವಿಂಟಲ್ ತೊಗರಿಯ ಧಾರಣೆಗಿಂತಲೂ ಕಡಿಮೆಯ ಬೆಲೆಯನ್ನು ಹೇಳಿದನು. ಬೆಲೆಯೇ ಅದರ ನಿಜವನ್ನು ಹೇಳುತ್ತಿದ್ದಿತಾದರೂ, ಬರಿದಾದ ಗೂಟಗಳ ನೆನಪು ನನ್ನನ್ನು ಎಳೆಯಿತು, ಕೊಂಡು ತಂದೆನು.

ಮೊದಲಿಗೆ ಮಾಡಬೇಕಾದ ಪರೀಕ್ಷೆಯೊಂದಿದೆ. ಹಳೆಯದಾಗಲಿ, ನಕಲಿಯಾಗಲಿ, ಮೂತಿಯಿಂದ ಮದ್ದು ತುಂಬುವ ಯಾವ ಬಂದೂಕು ಕೈಗೆ ಬಂದರೂ ಇದನ್ನು ಮಾಡದೆ ಮುಂದಕ್ಕೆ ಹೋಗಲಾಗದು. ನಳಿಗೆಯೊಳಗೆ ಉದ್ದನೆಯ ಕೋಲನ್ನು ತಳ ಮುಟ್ಟುವವರೆಗೆ ಇಳಿಸಿ, ಮೂತಿಯ ಬಳಿ ಗುರುತು ಮಾಡಿ, ಹೊರತೆಗೆದು, ನಳಿಗೆಯ ಹೊರಮೈಗೆ ಹೊಂದಿಸಿ ಹಿಡಿಯಬೇಕು. ಕೋಲಿನ ತುದಿ ಬುಡದ ಕಿವಿಯವರೆಗೆ, ಅಂದರೆ ಕಿಡಿ ಒಳಹೋಗುವ ರಂಧ್ರದವರೆಗೆ ಬಂದರೆ ನಳಿಗೆ ಬರಿದಾಗಿದೆ ಎಂದರ್ಥ. ಬೆರಳು ಎರಡು ಬೆರಳು ಮೊದಲೇ ನಿಂತರೆ, ಯಾವ ಕಾಲದಲ್ಲಿಯೋ ಯಾರೋ ಜಡಿದ ಬಾರು ಇನ್ನೂ ಒಳಗೆ ಕುಳಿತಿರಬಹುದು, ಅದನ್ನು ಬಲ್ಲವರಲ್ಲದೆ ಇತರರು ಮುಟ್ಟಬಾರದು. ನನ್ನ ಕೋಲು ಅರ್ಧದಲ್ಲಿಯೇ ನಿಂತಿತು. ದೀಪ ಹಿಡಿದು ನೋಡಿದರೆ ಅಲ್ಲಿ ಬಾರು ಇರಲಿಲ್ಲ. ನಳಿಗೆಯನ್ನೇ ಅಷ್ಟರವರೆಗೆ ಮಾತ್ರ ಕೊರೆದು ಮುಂದೆ ಕಬ್ಬಿಣದ ಬೆಣೆಯನ್ನು ಬೆಸೆದಿದ್ದರು. ಬುಡದ ಕಿವಿಯೂ ಆರಪಾರು ತೂತಲ್ಲ, ಬರಿಯ ಒಂದು ಚುಕ್ಕೆ. ಎಂದಿಗೂ ಸಿಡಿಯದಂತೆ ಹುಟ್ಟಿದ ವಸ್ತುವದು. ದುರಸ್ತಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲಾರದ ಹಳೆಯ ಮಾದರಿಯ ಆಯುಧಗಳನ್ನು 1959ರ ಆಯುಧ ಕಾಯಿದೆಯು ತನ್ನ 45ನೆಯ ಕಲಮಿನಲ್ಲಿ ಹೊರಗಿಟ್ಟಿದೆಯಾದರೂ, ಮನಸ್ಸಿನ ಸಮಾಧಾನಕ್ಕೆಂದು ನಾನು ಅದನ್ನು ಠಾಣೆಗೆ ಒಯ್ದು ತೋರಿಸಿಯೇ ಮನೆಯೊಳಕ್ಕೆ ತಂದೆನು.

ಆಮೇಲೆ ನಿಧಾನವಾಗಿ ಅದನ್ನು ಓದತೊಡಗಿದೆನು. ಓದುವುದೆಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಮಳಖೇಡದ ಅರಸರ ಶಾಸನಗಳನ್ನು ಒಂದೊಂದು ಅಕ್ಷರವಾಗಿ ಬಿಡಿಸಿದವರ ತಾಳ್ಮೆ ಇಂತಹ ವಸ್ತುವಿಗೂ ಬೇಕು, ಏಕೆಂದರೆ ಇದರಲ್ಲಿಯೂ ಒಂದು ಕಾಲದ ಲಿಪಿಯ ಮೇಲೆ ಇನ್ನೊಂದು ಕಾಲದ ಲಿಪಿ ಕುಳಿತಿರುತ್ತದೆ. ನಳಿಗೆಯ ಪಕ್ಕದ ಉಕ್ಕಿನ ತಗಡಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಟವರ್’ ಎಂದೂ, ಒಂದು ಕಿರೀಟವೂ, ‘1857’ ಎಂಬ ಇಸವಿಯೂ ಒತ್ತಲ್ಪಟ್ಟಿದ್ದವು. ಟವರ್ ಎಂಬುದು ಲಂಡನ್ನಿನ ಕೋಟೆಯ ಆಯುಧಶಾಲೆಯ ಗುರುತು. ಬ್ರಿಟಿಷ್ ಸೈನ್ಯದ ಬಂದೂಕುಗಳ ಮೇಲೆ ಅದು ನಿಜವಾಗಿಯೂ ಇರುತ್ತಿದ್ದಿತು. ಆದರೆ ಈ ತಗಡಿನ ಮೇಲೆ ಕುಳಿತ ಯಂತ್ರವು ಚಕಮಕಿಯದು: ಕುದುರೆಯ ಬಾಯಲ್ಲಿ ಕಲ್ಲಿನ ಚೂರು, ಎದುರಿಗೆ ಉಕ್ಕಿನ ಮೊಗ, ಕೆಳಗೆ ಕಿಡಿ ಹಿಡಿಯುವ ಮದ್ದಾದ ರಂಜಕದ ಬಟ್ಟಲು. 1857ರ ಹೊತ್ತಿಗೆ ಬ್ರಿಟಿಷರು ಚಕಮಕಿಯನ್ನು ಬಿಟ್ಟು ವರ್ಷಗಳೇ ಕಳೆದಿದ್ದವು. 1807ರಲ್ಲಿ ಅಲೆಗ್ಸಾಂಡರ್ ಫೋರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು, ಬಟ್ಟಲಿನ ರಂಜಕ ಭಗ್ಗೆಂದೊಡನೆಯೇ ನೀರುಹಕ್ಕಿಗಳು ಎಚ್ಚೆತ್ತು ಗುಂಡು ತಾಗುವ ಮೊದಲೇ ಹಾರಿಹೋಗುವುದನ್ನು ಕಂಡು ಬೇಸತ್ತು, ಪೆಟ್ಟು ಬಿದ್ದ ಕ್ಷಣದಲ್ಲಿ ಸಿಡಿಯುವ ಮದ್ದಿನ ಉಪಾಯಕ್ಕೆ ಹಕ್ಕು ಪಡೆದನು. ಅದರಿಂದ ಮುಂದೆ ತಾಮ್ರದ ಟೋಪಿ ಹುಟ್ಟಿ, 1840ರ ವೇಳೆಗೆ ಸೈನ್ಯದೊಳಕ್ಕೂ ಬಂದಿತು. ಮಲೆನಾಡಿನಲ್ಲಿ ಕೇಪಿನ ಕೋವಿಯೆಂದೂ ನಿಜಾಮಶಾಹಿಯ ಉರ್ದುವಿನಲ್ಲಿ ಟೋಪೀದಾರ್ ಬಂದೂಕೆಂದೂ ಹೆಸರಾದುದು ಅದೇ. ಆದುದರಿಂದ ಚಕಮಕಿಯ ಮೇಲೆ 1857ರ ಟವರ್ ಮುದ್ರೆಯೆಂದರೆ, ಅಮೋಘವರ್ಷ ನೃಪತುಂಗನು ಬೆರಳಚ್ಚು ಯಂತ್ರದಲ್ಲಿ ದಾನಪತ್ರ ಬರೆಯಿಸಿದಂತೆ. ಪೇಟೆಗಳಲ್ಲಿ ಮಾರಾಟವಾಗುವ ನಕಲಿಗಳಲ್ಲಿ ಬಹುಪಾಲನ್ನು ಈ ಒಂದು ವಿರೋಧದಿಂದಲೇ ಗುರುತಿಸಬಹುದು; ಗದರಿನ ಇಸವಿಗೆ ಗಿರಾಕಿ ಹೆಚ್ಚಾದುದರಿಂದ ಅದನ್ನು ಯಾವ ಯಂತ್ರದ ಮೇಲಾದರೂ ಒತ್ತಿಬಿಡುತ್ತಾರೆ.

ಉಳಿದ ಲಕ್ಷಣಗಳು ಕೈಗೆ ತಾನಾಗಿ ತಿಳಿಯತಕ್ಕವು. ಹಳೆಯ ಕಮ್ಮಾರನು ನಳಿಗೆಯನ್ನು ಕಬ್ಬಿಣದ ಪಟ್ಟಿಯನ್ನು ಸರಳಿನ ಸುತ್ತ ಸುತ್ತಿ, ಕಾಸಿ, ಬಡಿದು, ಬೆಸೆದು ಮಾಡುತ್ತಿದ್ದನು. ಒಳ್ಳೆಯ ನಳಿಗೆಯನ್ನು ಬೆಳಕಿಗೆ ಹಿಡಿದರೆ ಆ ಸುತ್ತುಗಳು ನೀರಿನ ಅಲೆಗಳಂತೆ ಮೈಮೇಲೆ ಕಾಣುತ್ತವೆ. ನನ್ನದು ನೀರಿನ ಕೊಳವೆಯ ಕಬ್ಬಿಣ, ಅಡಿಯಲ್ಲಿ ನೇರವಾದ ಬೆಸುಗೆಯ ಗೆರೆ. ಅರದಿಂದ ಉಜ್ಜಿ ಮಾಡಿದ ಹಳೆಯ ತಿರುಪುಮೊಳೆಗಳಲ್ಲಿ ಒಂದರಂತೆ ಇನ್ನೊಂದಿರದು, ತಲೆಯ ಸೀಳು ನಡುವಿನಿಂದ ತುಸು ಓರೆಯಾಗಿರುತ್ತದೆ. ನನ್ನದರಲ್ಲಿ ಎಲ್ಲವೂ ಒಂದೇ ಅಚ್ಚಿನವು, ಎಲ್ಲಿಯದನ್ನು ಎಲ್ಲಿಗೆ ಹಾಕಿದರೂ ಕೂರುತ್ತವೆ. ಉಕ್ಕಿನ ಮೊಗಕ್ಕೆ ಹದ ಕೊಟ್ಟಿಲ್ಲವಾದುದರಿಂದ ಕಲ್ಲು ಉಜ್ಜಿದರೆ ಗೀರು ಬೀಳುತ್ತದೆಯೇ ಹೊರತು ಕಿಡಿ ಹುಟ್ಟುವುದಿಲ್ಲ. ಮರ ಮಾವಿನದು, ಸಿಸುವಿನ ಬಣ್ಣ ಹಚ್ಚಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದುದು ಸವೆತ. ಮನುಷ್ಯನ ಕೈ ಹಿಡಿಯುವಲ್ಲಿ, ಕೆನ್ನೆ ತಾಗುವಲ್ಲಿ, ಮದ್ದು ಜಡಿಯುವ ಗಜವನ್ನು ಎಳೆದು ಸೇರಿಸುವ ಬಾಯಲ್ಲಿ ಹಳೆಯ ಬಂದೂಕು ಸವೆದಿರುತ್ತದೆ. ನಕಲಿಯನ್ನು ಮಾಡಿದವನು ಹಳತಾಗಿ ಕಾಣಲೆಂದು ಆಮ್ಲ ಹಚ್ಚಿ, ಸರಪಳಿಯಿಂದ ಬಡಿದು, ಮೈಯೆಲ್ಲವನ್ನೂ ಸಮನಾಗಿ ಸವೆಸಿರುತ್ತಾನೆ. ಬಾಳಿನಲ್ಲಿ ಯಾವುದೂ ಸಮನಾಗಿ ಸವೆಯುವುದಿಲ್ಲ.

ಹೀಗೆ ಅದರ ಸುಳ್ಳುಗಳೆಲ್ಲ ಒಂದೊಂದಾಗಿ ತಿಳಿದ ಮೇಲೆ ಅದರ ಮೇಲೆ ನನಗೆ ತಿರಸ್ಕಾರ ಹುಟ್ಟಬೇಕಾಗಿದ್ದಿತು, ಹುಟ್ಟಿದುದು ಪ್ರೀತಿ. ಏಕೆಂದರೆ ಬಿಚ್ಚಿ ಜೋಡಿಸಿ ಎಣ್ಣೆ ಹಾಕುವಾಗ ಪ್ರತಿಯೊಂದು ಅಂಗಕ್ಕೂ ಹೆಸರು ಬೇಕಾಯಿತು, ಹೆಸರು ಹುಡುಕುತ್ತ ಹೋದಂತೆ ನಮ್ಮ ನಾಡಿನ ಚರಿತ್ರೆಯೇ ಬಾಯಿಗೆ ಬಂದಿತು. ಕೋವಿಯೆಂದರೆ ಕೊಳವೆ, ಅಚ್ಚಗನ್ನಡ. ತುಪಾಕಿಯೂ ತೋಪೂ ತುರ್ಕರ ಭಾಷೆಯಿಂದ ಬಂದವು. ಬಂದೂಕು ಅರಬ್ಬೀ ಮಾತು. ಮೂಲದಲ್ಲಿ ಒಂದು ಬಗೆಯ ಕಾಯಿಯ ಹೆಸರಾಗಿ, ಅದರಂತೆ ದುಂಡಗಿದ್ದ ಗುಂಡಿಗೆ ಸಲ್ಲುತ್ತ, ಕೊನೆಗೆ ಗುಂಡನ್ನು ಹಾರಿಸುವ ಉಪಕರಣಕ್ಕೇ ನಿಂತಿತು. ನೋವಿಗೆ ಕೊಡುವುದನ್ನೂ ಬಂದೂಕಿಗೆ ಹಾಕುವುದನ್ನೂ ನಾವು ಮದ್ದು ಎಂಬ ಒಂದೇ ಮಾತಿನಿಂದ ಕರೆಯುತ್ತೇವೆ. ಮದ್ದಿನ ಜೀವಾಳವಾದ ಪೆಟ್ಲುಪ್ಪಿನ ಹೆಸರಿನಲ್ಲಿ ಸಿಡಿತದ ಸದ್ದೇ ಅಡಗಿದೆ. ಮಲೆನಾಡಿನ ಹುಡುಗರು ಬಿದಿರಿನ ಕೊಳವೆಯಲ್ಲಿ ಹಸಿಯ ಕಾಯಿಯನ್ನು ತುರುಕಿ ಕೋಲಿನಿಂದ ತಳ್ಳಿ ಸಿಡಿಸುವ ಆಟಿಕೆಗೂ ಪೆಟ್ಲು ಎಂದೇ ಹೆಸರು. ದೂರದ ಬಸ್ತರಿನಲ್ಲಿ ಗೋಂಚಾ ರಥೋತ್ಸವದ ದಿನ ಜನರು ಅಂತಹುದೇ ಬಿದಿರಿನ ಕೊಳವೆಗಳಿಂದ ಕಾಯಿ ಸಿಡಿಸಿ ಜಗನ್ನಾಥನಿಗೆ ವಂದನೆ ಸಲ್ಲಿಸುತ್ತಾರೆ. ಅದಕ್ಕೆ ಅವರು ತುಪಕಿ ಎನ್ನುತ್ತಾರೆ. ಅಗ್ಗದ ನಕಲಿ ಬಂದೂಕಿನಿಂದ ಸಂತೋಷಪಡುವ ಸಂಪ್ರದಾಯ, ಎಂದ ಮೇಲೆ, ನನ್ನಿಂದ ಮೊದಲಾದುದಲ್ಲ.

ಮದ್ದಿನ ಆಯುಧಗಳು ನಮ್ಮ ಸೀಮೆಗೆ ಯಾವಾಗ ಬಂದವೆಂಬುದು ವಿದ್ವಾಂಸರಲ್ಲಿ ವಿವಾದದ ವಿಷಯ. ಕಲಬುರಗಿಯ ಒಂದನೆಯ ಮಹಮ್ಮದ್ ಶಹಾ ಬಹಮನಿಯು ವಿಜಯನಗರದ ಮೇಲಣ ಯುದ್ಧದಲ್ಲಿ, 1360ರ ದಶಕದಲ್ಲಿಯೇ, ತೋಪಿನ ಕಾರಖಾನೆಯನ್ನು ತೆರೆದನೆಂದು ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ಆದರೆ ಅವನು ಬರೆದುದು ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ತನ್ನ ಕಾಲದ ಮಾತುಗಳಲ್ಲಿ. ಶುಕ್ರನೀತಿಯಲ್ಲಿ ನಾಲಿಕಾಯಂತ್ರದ ವರ್ಣನೆ ಇರುವುದನ್ನು ಕಂಡು ಹಿಗ್ಗಿದವರೂ ಉಂಟು. ಆ ಗ್ರಂಥದ ಅಂತಹ ಭಾಗಗಳು ತೀರ ಈಚಿನವೆಂಬ ಮತವೇ ನನಗೆ ಸರಿಯೆನಿಸುತ್ತದೆ. ಹೆಗಲ ಮೇಲೆ ಹೊತ್ತು ಹಾರಿಸುವ ಬಂದೂಕಿನ ವಿಷಯಕ್ಕೆ ಬಂದರೆ, ನಮಗೆ ಗಟ್ಟಿಯಾದ ನೆಲ ಸಿಕ್ಕುವುದು 1520ರಲ್ಲಿ, ರಾಯಚೂರಿನಲ್ಲಿ. ಕೃಷ್ಣದೇವರಾಯನು ಆ ಕೋಟೆಯನ್ನು ಮುತ್ತಿದಾಗ ಕ್ರಿಸ್ತೋವಾವ್ ದ ಫಿಗೆರೆದು ಎಂಬ ಪೋರ್ಚುಗೀಸನು ತನ್ನ ಬಂದೂಕುದಾರರೊಡನೆ ನೆರವಿಗೆ ಬಂದು, ಗೋಡೆಯ ಮೇಲೆ ತಲೆಯೆತ್ತಿದವರನ್ನು ಗುರಿಯಿಟ್ಟು ಹೊಡೆದು, ಗೋಡೆ ಕೀಳುವವರಿಗೆ ಅವಕಾಶ ಮಾಡಿಕೊಟ್ಟನೆಂದು ಪೋರ್ಚುಗೀಸ್ ಬರಹಗಾರ ನೂನಿಜನು ಬರೆದಿಟ್ಟಿದ್ದಾನೆ. ಆ ಶತಮಾನ ಮುಗಿಯುವುದರೊಳಗೆ ದಖ್ಖಣದಲ್ಲೆಲ್ಲ ಬಂದೂಕು ಹಬ್ಬಿತು.

ಅದು ಯಾವ ಬಂದೂಕು? ಇಲ್ಲಿಗೆ ನನ್ನ ನಕಲಿಯ ಪಾಠ ಮುಗಿದು ಅಜ್ಜಿಯ ಮಾತು ಮೊದಲಾಗುತ್ತದೆ. ನಾನು ಕೊಂಡುದು ಚಕಮಕಿಯದಾದುದರಿಂದ, ಚಕಮಕಿಗಿಂತ ಹಿಂದೆ ಕಿಡಿಯನ್ನು ಹೇಗೆ ಹೊತ್ತಿಸುತ್ತಿದ್ದರೆಂದು ಹುಡುಕಲು ಹೋದೆನು. ಉತ್ತರವು ಸರಳವಾಗಿದ್ದಿತು: ಹಗ್ಗದಿಂದ. ನೂಲನ್ನೋ ನಾರನ್ನೋ ಹುರಿಮಾಡಿ ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ ಹಗ್ಗ, ಉರಿಯದೆ, ಆರದೆ, ಊದುಬತ್ತಿಯಂತೆ ಗಂಟೆಗಟ್ಟಲೆ ಕೆಂಡವಾಗಿ ಕನಲುತ್ತಿರುತ್ತದೆ. ಬಂದೂಕಿನ ಕಟ್ಟಿಗೆಯ ಸೀಳಿನೊಳಗಿಂದ ಮೇಲೆದ್ದ ಹಾವಿನ ಹೆಡೆಯಂತಹ ಕಬ್ಬಿಣದ ಕೊಕ್ಕೆ ಆ ಹಗ್ಗದ ತುದಿಯನ್ನು ಕಚ್ಚಿಕೊಂಡಿರುತ್ತದೆ. ಬೆರಳಿನಿಂದ ಕೆಳಗಿನ ಕೀಲನ್ನು ಒತ್ತಿದರೆ ಹೆಡೆ ಬಾಗಿ, ಕೆಂಡವು ಬಟ್ಟಲಿನ ರಂಜಕವನ್ನು ಮುಟ್ಟಿ, ಬೆಂಕಿ ಕಿವಿಯ ಮೂಲಕ ಒಳಹೋಗಿ, ಬಾರು ಹಾರುತ್ತದೆ. ಹಗ್ಗಕ್ಕೆ ಉರ್ದುವಿನಲ್ಲಿ ತೋಡಾ, ಬಂದೂಕಿಗೆ ತೋಡಾದಾರ್. “ಹಗ್ಗಕ್ಕ ಬೆಂಕಿ ಹಚ್ಚಿ ಬಾರ ಹಾರಸ್ತಿದ್ರು.” ಅಜ್ಜಿಯು ಯಾವುದನ್ನೂ ಕಲಸಿರಲಿಲ್ಲ, ಅಕ್ಷರ ಬಾರದ ಆ ಮುದುಕಿ, ಯುರೋಪಿನವರು ಬಿಟ್ಟು ಎರಡು ಶತಮಾನಗಳಾಗಿದ್ದ ಒಂದು ಯಂತ್ರವನ್ನು ತಾನು ಕಣ್ಣಾರೆ ಕಂಡಂತೆ ನಾಲ್ಕೇ ಮಾತಿನಲ್ಲಿ ವರ್ಣಿಸಿದ್ದಳು. ಆ ಉತ್ತರವನ್ನು ಓದಿದ ರಾತ್ರಿ ನಾನು ಬಹಳ ಹೊತ್ತು ಮಲಗಲಾರದೆ ಹೋದೆನು. ಅವಳನ್ನು ನಂಬದಿದ್ದುದಕ್ಕೆ ಕ್ಷಮೆ ಬೇಡಲು ಅವಳಿಲ್ಲ, ತಂದೆಯವರೂ ಇಲ್ಲ.

ಯುರೋಪಿನಲ್ಲಿ ಅಷ್ಟು ಬೇಗ ಮರೆಯಾದ ತೋಡಾದಾರ್ ನಮ್ಮಲ್ಲಿ ಅಷ್ಟು ಕಾಲ ಉಳಿದುದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಚಕಮಕಿಯ ಯಂತ್ರಕ್ಕೆ ಹದವಾದ ಉಕ್ಕಿನ ಬಿಲ್ಲುಪಟ್ಟಿಗಳು ಬೇಕು, ಅವು ಮುರಿದರೆ ಹಳ್ಳಿಯ ಕಮ್ಮಾರನು ಮಾಡಲಾರನು. ತೋಡಾದಾರಿಗೆ ಬೇಕಾದುದು ಒಂದು ಕೊಕ್ಕೆ, ಒಂದು ಸನ್ನೆ, ಒಂದು ಮೊಳೆ. ಇನ್ನು ಮದ್ದು: ಗಂಧಕವೊಂದನ್ನು ಪೇಟೆಯಿಂದ ತಂದರೆ, ಇದ್ದಿಲಿಗೆ ಎಕ್ಕೆಯ ಗಿಡವಿದೆ, ಪೆಟ್ಲುಪ್ಪಿಗೆ ಹಾಳುಬಿದ್ದ ಊರುಗಳ ಹಾಳಮಣ್ಣಿದೆ. ಜನ ದನ ಬಾಳಿ ಹೋದ ನೆಲದ ಆ ಬೂದುಮಣ್ಣನ್ನು ತೊಳೆದು, ಬಸಿದು, ಕಾಯಿಸಿ ಉಪ್ಪು ತೆಗೆಯುವುದು ಉಪ್ಪಾರರ ಕುಲಕಸುಬುಗಳಲ್ಲೊಂದಾಗಿದ್ದಿತು. ನಮ್ಮ ಹೊಲಗಳಿಗೆ ಇಂದಿಗೂ ಗೊಬ್ಬರವಾಗಿ ಹೇರುವ ಹಾಳಮಣ್ಣು ಒಂದು ಕಾಲಕ್ಕೆ ಬಂದೂಕಿನ ಅನ್ನವೂ ಆಗಿದ್ದಿತೆಂಬುದು ಎಷ್ಟು ಜನರಿಗೆ ಗೊತ್ತು! ಮಳೆಯೊಂದೇ ಅದಕ್ಕೆ ಶತ್ರು. ಮೃಗಶಿರೆಯಿಂದ ಉತ್ತರೆಯವರೆಗೆ ಅದನ್ನು ನೆಚ್ಚುವಂತಿರಲಿಲ್ಲ. ನಮ್ಮದು ಮಳೆ ಕಡಿಮೆಯ ಸೀಮೆಯಾದುದೂ ಅದರ ದೀರ್ಘಾಯುಸ್ಸಿಗೆ ಕಾರಣವಾಗಿರಬೇಕೆಂಬುದು ನನ್ನ ಊಹೆ.

ಈ ಬಂದೂಕಿನ ಮೇಲೆ ಹೆಚ್ಚಿನ ಅಧಿಕಾರ ಪಡೆದವರು ಸುರಪುರದ ಬೇಡರು. ದಖ್ಖಣದ ಸೈನ್ಯಗಳಲ್ಲಿ ಗುರಿಕಾರರೆಂದು ಅವರಿಗಿದ್ದ ಕೀರ್ತಿಯನ್ನು ಮೊಗಲರ ಬರಹಗಾರರೂ ಅಲ್ಲಗಳೆಯಲಿಲ್ಲ; ಅಲ್ಲಗಳೆಯಲು ಅವರಿಗೆ ಸಾಧ್ಯವೂ ಇರಲಿಲ್ಲ. 1705ರ ಫೆಬ್ರವರಿಯಲ್ಲಿ ಔರಂಗಜೇಬನು, ಎಂಬತ್ತು ದಾಟಿದ ವಯಸ್ಸಿನಲ್ಲಿ, ಬಿಜಾಪುರ ಗೋಲ್ಕೊಂಡೆಗಳನ್ನು ನುಂಗಿದ ಸೈನ್ಯವನ್ನು ತಾನೇ ನಡೆಸಿಕೊಂಡು ಬಂದು ಸುರಪುರದ ಸಮೀಪದ ವಾಗಿನಗೇರಿಯನ್ನು ಮುತ್ತಿದನು. ಕೋಟೆಯೇ ಚಿಕ್ಕದು, ಒಳಗಿದ್ದವರು ಪಿಡ್ಡನಾಯಕನ ಬೇಡರು. ಏಪ್ರಿಲ್ ಕೊನೆಯವರೆಗೆ ಅವರ ಬಂದೂಕುಗಳು ಮೊಗಲರ ಸೈನ್ಯವನ್ನು ಗುಡ್ಡದ ಕೆಳಗೆ ತಡೆದುವು. ಕೊನೆಗೆ ಕೋಟೆಯೊಳಗಿನ ಮನೆಗಳಿಗೆ ಬೆಂಕಿಯಿಟ್ಟು, ಕತ್ತಲೆಯಲ್ಲಿ ಅವರು ಹೊರಬಿದ್ದು ಹೋದಾಗ ಬಾದಶಹನ ಕೈಗೆ ಬಂದುದು ಸುಟ್ಟ ಗೋಡೆಗಳು. ಅದೇ ಅವನು ಸ್ವತಃ ನಡೆಸಿದ ಕಡೆಯ ಮುತ್ತಿಗೆ.

ಅರಸರ ಯುದ್ಧಗಳಿಗಿಂತ ನನ್ನ ಮನಸ್ಸು ಊರಿನ ಬಂದೂಕಿನ ಕಡೆಗೆ ಹೆಚ್ಚು ಹೊರಳುತ್ತದೆ. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳಲ್ಲಿ ತಿರುಗಾಡಿದವರು ಹಳೆಯ ಹಳ್ಳಿಗಳ ನಡುವೆ ದುಂಡಗೆ ಮೇಲೆದ್ದ ಹುಡೇವುಗಳನ್ನು ಕಂಡಿರಲೇಬೇಕು. ಕಲ್ಲಿನಿಂದಲೂ ಮಣ್ಣಿನಿಂದಲೂ ಕಟ್ಟಿದ ಈ ಬುರುಜುಗಳು ಪಿಂಡಾರಿಗಳ, ದರೋಡೆಕಾರರ, ಸಂಬಳ ಸಿಗದೆ ದಾರಿಗೆ ಬಿದ್ದ ಸಿಪಾಯಿಗಳ ಕಾಲದಲ್ಲಿ ಊರು ತನ್ನನ್ನು ತಾನೇ ಕಾಯ್ದುಕೊಂಡ ಗುರುತು. ಅಗಸಿಯ ಬಾಗಿಲು ಹಾಕಿ, ಹೆಂಗಸರು ಮಕ್ಕಳನ್ನೂ ಕಾಳಿನ ಚೀಲಗಳನ್ನೂ ಒಳಗೆ ಸೇರಿಸಿ, ನಾಲ್ಕಾರು ಬಂದೂಕುಗಳೊಡನೆ ಹುಡೇವು ಏರಿದರೆ ಊರು ಉಳಿಯುತ್ತಿದ್ದಿತು. ನಮ್ಮೂರಿನ ಹುಡೇವಿನ ಮೇಲೆ ಹತ್ತಿ ನೋಡಿದರೆ ಕೈಮಟ್ಟದ ಗೋಡೆಯಲ್ಲಿ ಸುತ್ತಲೂ ಕಿಂಡಿಗಳಿವೆ. ಒಳಗೆ ಅಗಲ, ಹೊರಗೆ ಇಕ್ಕಟ್ಟು, ಕೆಳಮುಖವಾದ ಓರೆ. ಬಾಲ್ಯದಲ್ಲಿ ಅವು ನಮಗೆ ಗಿಳಿಗೂಡುಗಳು. ನಕಲಿ ಬಂದೂಕನ್ನು ಒಂದು ದಿನ ಬೆಳಗಿನಲ್ಲಿ ಅಲ್ಲಿಗೆ ಒಯ್ದು, ಮೂತಿಯನ್ನು ಕಿಂಡಿಯಲ್ಲಿಟ್ಟು, ನಳಿಗೆಯ ಉದ್ದಕ್ಕೆ ಕಣ್ಣು ಹಾಯಿಸಿದೆನು. ಒಂದು ಕಿಂಡಿಯಿಂದ ಅಗಸಿಯ ಹೊಸ್ತಿಲು, ಇನ್ನೊಂದರಿಂದ ಬಾವಿಯ ಮೆಟ್ಟಿಲು, ಮತ್ತೊಂದರಿಂದ ಮಳಖೇಡದ ಕಡೆಗೆ ಹೋಗುವ ಬಂಡಿಯ ದಾರಿಯ ತಿರುವು ನೇರವಾಗಿ ಕಂಡವು. ಕಟ್ಟಿದವನು ಒಂದೊಂದು ಕಿಂಡಿಗೂ ಒಂದೊಂದು ಕೆಲಸವನ್ನು ಒಪ್ಪಿಸಿದ್ದನು. ಅರುವತ್ತು ವರ್ಷಗಳಿಂದ ನಾನು ನೋಡುತ್ತಿದ್ದ ಹುಡೇವು ಆ ಬೆಳಿಗ್ಗೆ ಮೊದಲ ಸಲ ನನಗೆ ಕಾಣಿಸಿತು. ಅದನ್ನು ನನಗೆ ಕಾಣಿಸಿದುದು ಎಂದೂ ಸಿಡಿಯಲಾರದ ಒಂದು ಕೊಳವೆ.

ಸಮಾಧಾನದ ಕಾಲದಲ್ಲಿ ಊರಿನ ಬಂದೂಕಿಗೆ ಕೆಲಸ ಹೊಲದಲ್ಲಿ. ಚಿಂಚೋಳಿಯ ಕಾಡು, 2011ರಲ್ಲಿ ವನ್ಯಜೀವಿಧಾಮವಾದುದು, ಆಗ ಇನ್ನೂ ವಿಸ್ತಾರವಾಗಿದ್ದಿತು. ಅದರ ಅಂಚಿನ ಜೋಳದ ಹೊಲಗಳಿಗೆ ಹಂದಿಗಳ ಕಾಟ. ಹಕ್ಕಿಗೆ ಕವಣೆ, ಹಂದಿಗೆ ಬಂದೂಕಿನ ಸದ್ದು. ಬರಿಯ ಮದ್ದನ್ನು ಜಡಿದು ಗುಂಡಿಲ್ಲದೆ ಹಾರಿಸಿದರೆ ರಾತ್ರಿಯೆಲ್ಲ ನೆಮ್ಮದಿ. ಶಹಾಬಾದದ ಕಡೆಯ ಗಣಿಗಳಲ್ಲಿ ಮಾತ್ರ ಮದ್ದಿನ ಹಂಗು ಕಡಿಮೆ. ಅಲ್ಲಿಯ ಫರಸಿ ಪದರ ಪದರವಾಗಿ ಮಲಗಿರುವುದರಿಂದ ಹಾರೆ ಸುತ್ತಿಗೆಗಳಿಂದಲೇ ಪುಸ್ತಕದ ಹಾಳೆಯಂತೆ ಎಬ್ಬಿಸುತ್ತಾರೆ. ಸಿಮೆಂಟಿನ ಕಾರಖಾನೆಗಳು ಬಂದ ಮೇಲೆ ಶಹಾಬಾದ, ವಾಡಿಗಳ ಜನರಿಗೂ ಸ್ಫೋಟದ ಸದ್ದು ನಿತ್ಯದ್ದಾಯಿತು.

ಆಯುಧವನ್ನು ಕಸಿದುಕೊಳ್ಳುವುದೆಂದರೆ ಏನೆಂಬುದನ್ನು ಹಲಗಲಿಯವರು ತಿಳಿಸಿಕೊಟ್ಟರು. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಮಾಡಿ ಪ್ರಜೆಗಳ ಆಯುಧಗಳನ್ನು ಕೇಳಿದಾಗ, ಮುಧೋಳ ಸಂಸ್ಥಾನದ ಆ ಹಳ್ಳಿಯ ಬೇಡರು ಕೊಡಲೊಲ್ಲದೆ ನಿಂತರು. ನವೆಂಬರ್ ಕೊನೆಗೆ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಆ ಕಥೆಯನ್ನು ಹಾಡಿದ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಜೆ. ಎಫ್. ಫ್ಲೀಟ್, ನಮ್ಮ ಮಳಖೇಡದ ರಾಷ್ಟ್ರಕೂಟರ ಶಾಸನಗಳನ್ನು ಓದಿದ ಅದೇ ಪಂಡಿತ. ತನ್ನ ಸರಕಾರಕ್ಕೆ ವಿರುದ್ಧವಾದ ಹಾಡನ್ನು ಅವನು ಉಳಿಸಿದುದಕ್ಕೆ ಕನ್ನಡಿಗರು ಅವನಿಗೆ ಋಣಿಗಳು. ಹಲಗಲಿಯ ಗತಿಗೆ ವ್ಯತಿರಿಕ್ತವಾಗಿ ಕೊಡಗಿನಲ್ಲಿ 1861ರಿಂದ ಆಯುಧದ ವಿನಾಯಿತಿ ದೊರೆತು ಇಂದಿಗೂ ನಡೆದುಬಂದಿದೆ. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಕೈಲ್‌ಪೊಳ್ದಿನ ದಿನ ಕೋವಿಯನ್ನು ತೊಳೆದು, ಗಂಧವಿಟ್ಟು, ಮೂತಿಗೆ ತೋಕ್ ಪೂ ಎಂಬ ಕೆಂಪು ಹಳದಿಯ ಹೂವನ್ನು ಸಿಕ್ಕಿಸಿ ಪೂಜಿಸುತ್ತಾರೆ. ಕೊಡವರ ಮಾತಿನಲ್ಲಿ ತೋಕ್ ಎಂದರೆ ಕೋವಿ. ಒಂದು ಹೂವಿಗೆ ಬಂದೂಕಿನ ಹೆಸರಿಟ್ಟು ಅದರಿಂದಲೇ ಬಂದೂಕಿನ ಬಾಯಿ ಮುಚ್ಚುವ ಜನರಿಗೆ ಅದು ಮನೆಯ ಒಬ್ಬ ಹಿರಿಯನಿದ್ದಂತೆ.

ನಮ್ಮ ಕಡೆಗೆ ಅಂತಹ ಭಾಗ್ಯ ಬರಲಿಲ್ಲ. ಹೈದರಾಬಾದಿನಲ್ಲಿ 1795ರಲ್ಲಿಯೇ ಫ್ರೆಂಚ್ ಸೇನಾನಿ ರೇಮೋನನು ತೋಪು ಎರಕಹೊಯ್ಯುವ ತೋಪ್ ಕಾ ಸಾಂಚಾ ಕಟ್ಟಿಸಿದ್ದನು, ನಿಜಾಮನ ಸೈನ್ಯಕ್ಕೆ ಬಂದೂಕುಗಳ ಕೊರತೆ ಇರಲಿಲ್ಲ. ಹಳ್ಳಿಯವನ ಕೈಯಲ್ಲಿ ಮಾತ್ರ ಅಜ್ಜನಿಂದ ಮೊಮ್ಮಗನಿಗೆ ಬಂದ ತೋಡಾದಾರ್ ಅಥವಾ ಟೋಪೀದಾರ್. 1947 ಮತ್ತು 48ರ ಆ ಹದಿಮೂರು ತಿಂಗಳುಗಳಲ್ಲಿ ನಿಜಾಮನ ಪರವಾಗಿ ಆಯುಧ ಹಿಡಿದ ರಜಾಕಾರರಲ್ಲಿಯೂ ಬಹುಮಂದಿಗೆ ಇದ್ದುವು ಮೂತಿಯಿಂದ ತುಂಬುವ ಬಂದೂಕುಗಳೂ ಕತ್ತಿಗಳೂ. ಅವರನ್ನು ತಡೆದ ಊರವರ ಕೈಯಲ್ಲಿಯೂ ಅವೇ. ಹುಡೇವಿನ ಕಿಂಡಿಗಳಿಗೆ ನೂರಾರು ವರ್ಷಗಳ ಮೇಲೆ ಮತ್ತೆ ಕೆಲಸ ಬಂದಿತು. ಅಜ್ಜನು ಆ ತಿಂಗಳುಗಳಲ್ಲಿ ಎಷ್ಟು ರಾತ್ರಿ ಹುಡೇವಿನ ಮೇಲೆ ಕಳೆದನೋ ಅಜ್ಜಿ ಎಣಿಸಿರಲಿಲ್ಲ. ಸೆಪ್ಟೆಂಬರ್ 17ರಂದು ನಿಜಾಮನು ಶರಣಾದನು, ಅದಾದ ಕೆಲವೇ ದಿನಗಳಲ್ಲಿ ಗೂಟಗಳು ಬರಿದಾದವು. ಬಂದ ಸ್ವಾತಂತ್ರ್ಯಕ್ಕೆ ಅವನು ಸಂತೋಷಪಟ್ಟನು, ಹೋದ ಬಂದೂಕಿಗೆ ಉಪವಾಸ ಮಾಡಿದನು. ಎರಡೂ ನಿಜವೆಂದು ನಾನು ನಂಬುತ್ತೇನೆ.

ಇಂದು ಇಟಲಿಯ ಗಾರ್ಡೋನೆಯಂತಹ ಊರುಗಳಲ್ಲಿ ಹಳೆಯ ಮಾದರಿಗಳನ್ನು ಹೊಸದಾಗಿ, ಹಾರಿಸಲು ಯೋಗ್ಯವಾಗಿ ಮಾಡುವ ದೊಡ್ಡ ಉದ್ಯಮವೇ ಇದೆ. ಅವುಗಳಿಗೆ ಪರೀಕ್ಷೆಯ ಮುದ್ರೆ ಇರುತ್ತದೆ, ನಮ್ಮ ದೇಶದಲ್ಲಿ ಅಂತಹುದಕ್ಕೆ ಪರವಾನಗಿ ಬೇಕು. ಸಂತೆಯ ನಕಲಿಗೆ ಕಿವಿ ಕೊರೆದು ಮದ್ದು ಹಾಕುವ ಯೋಚನೆಯನ್ನು ಯಾರೂ ಮಾಡಬಾರದು. ನೀರಿನ ಕೊಳವೆ ಸೀಳಿ ಮುಖಕ್ಕೆ ಬರುತ್ತದೆ. ಸಂತೆಯ ನಕಲಿ ಕೊಡುವ ಸುಖವೇ ಬೇರೆ. ಸಂಜೆಯ ಬಿಡುವಿನಲ್ಲಿ ತಗಡನ್ನು ಬಿಚ್ಚಿ, ಸನ್ನೆ ಸನ್ನೆಯನ್ನು ಹೇಗೆ ತಳ್ಳುತ್ತದೆಂಬುದನ್ನು ಮಕ್ಕಳಿಗೆ ತೋರಿಸುವುದು, ಕರಿಮಣ್ಣಿನ ಹೊಲದಲ್ಲಿ ದೊರೆತ ಬಿಳಿಯ ಚಕಮಕಿ ಕಲ್ಲನ್ನು ಕುದುರೆಯ ಬಾಯಿಗೆ ಕೂರಿಸುವುದು, ಇದೇ ಕಲ್ಲಿನಿಂದ ಒಕ್ಕಲಿಗರು ಅರಳೆಗೆ ಕಿಡಿ ತಾಗಿಸಿ ಚಿಲುಮೆ ಹೊತ್ತಿಸುತ್ತಿದ್ದರೆಂದು ಹೇಳುವುದು.

ಹೋದ ಖಂಡೇನವಮಿಯ ಹಿಂದಿನ ದಿನ ನಕಲಿಯನ್ನು ಗೂಟಗಳ ಮೇಲೆ ಇಡಲು ಹೋದೆನು. ಅದು ನಿಲ್ಲಲಿಲ್ಲ. ಮೂರೂಮುಕ್ಕಾಲು ಅಡಿಯ ಉದ್ದ ಮೂರೂವರೆ ಅಡಿಯ ಅಂತರಕ್ಕೆ ಸಾಲದು. ಕೆಳಕ್ಕೆ ಬಾಗಿದ ಅದರ ದಪ್ಪನೆಯ ಹಿಡಿ ಬಲಗಡೆಯ ಗೂಟದಿಂದ ಜಾರಿಜಾರಿ ಬೀಳುತ್ತಿದ್ದಿತು. ಏಣಿಯ ಮೇಲೆ ನಿಂತೇ ಗೂಟವನ್ನು ಹತ್ತಿರದಿಂದ ನೋಡಿದೆನು. ಸುಣ್ಣದ ಪದರಗಳನ್ನು ಉಗುರಿನಿಂದ ಕೆರೆದಾಗ ಅದರ ಬಾಗಿನೊಳಗೆ ಎರಡು ಬೆರಳಗಲದ, ಚಪ್ಪಟೆಯಾದ, ನಯವಾಗಿ ಸವೆದ ತಗ್ಗು ಕಂಡಿತು. ಬಾಗಿಲ್ಲದೆ ನೇರವಾಗಿ ಸಾಗಿ, ಬುಡದವರೆಗೂ ತೆಳ್ಳಗೆ ಇರುವ ಹಿಡಿ ದಖ್ಖಣದ ತೋಡಾದಾರಿನದು; ಉದ್ದವೋ ಐದು ಅಡಿಗೆ ಕಡಿಮೆಯಿಲ್ಲ. ಆ ಗೂಟದ ಕೆಳಗೆ ಬತ್ತಿಗೂಟ. ಅಲ್ಲಿಯೂ ಕೆರೆದೆನು. ಹತ್ತಿಯ ಬತ್ತಿ ಗೋಡೆಯನ್ನು ಕಪ್ಪಾಗಿಸುವುದಿಲ್ಲ. ಎಪ್ಪತ್ತು ವರ್ಷಗಳ ಸುಣ್ಣದ ಅಡಿಯಲ್ಲಿ, ಸುರುಳಿ ಸುತ್ತಿ ನೇತುಹಾಕಿದ ಹಗ್ಗದ ತುದಿ ತಾಗಿ ತಾಗಿ ಸುಟ್ಟ, ಅಡಕೆಯಷ್ಟು ಅಗಲದ ಕಪ್ಪು ಕಲೆ ಇದ್ದಿತು. ತೋಡಾಕ್ಕೂ ನಮ್ಮಲ್ಲಿ ಬತ್ತಿಯೆಂದೇ ಹೆಸರು. ಹಗ್ಗ ಹೋದ ಮೇಲೆ ಹೆಸರು ವ್ಯರ್ಥವಾಗಬಾರದೆಂದು ಅಜ್ಜಿ ತನ್ನ ಬತ್ತಿಯನ್ನು ಅಲ್ಲಿಗೆ ತಂದಳೇ, ಅಥವಾ ಬರಿದಾದ ಗೂಟವನ್ನು ಕಂಡು ಸುಮ್ಮನೆ ತೂಗುಹಾಕಿದಳೇ? ಮನೆಯಲ್ಲಿ ಉತ್ತರ ಹೇಳುವವರು ಯಾರೂ ಉಳಿದಿಲ್ಲ.

ನಕಲಿಯನ್ನು ಕೆಳಗಿಳಿಸಿ ಫರಸಿಯ ಮೇಲೆ ಗೋಡೆಗೆ ಒರಗಿಸಿಟ್ಟು, ಕುಡಗೋಲು, ಕೊಡಲಿ, ಕುಂಟೆಗಳ ಜೊತೆಗೆ ಅದಕ್ಕೂ ವಿಭೂತಿ ಹಚ್ಚಿ ಚೆಂಡುಹೂ ಏರಿಸಿದೆವು. ಮೇಲಿನ ಗೂಟಗಳನ್ನು ಹಾಗೆಯೇ ಬಿಟ್ಟೆವು. ಕಪ್ಪು ಕಲೆಯ ಮೇಲೆ ಈ ಸಲ ಸುಣ್ಣ ಬಳಿಯಗೊಡಲಿಲ್ಲ. ಬತ್ತಿಗೂಟಕ್ಕೆ ಸೊಸೆಯು ಆ ದಿನ ಹೊಸೆದ ಬತ್ತಿಗಳ ಕಟ್ಟನ್ನು ತೂಗುಹಾಕಿದಳು.